ಬಲಗಡೆ ಕೊಕ್ಕೆ

ನಮ್ಮ ತುಮಕೂರಿನ ಶಿರಾ ಗೇಟ್ ಕಡೆ ಕಾರಿನ ಎಸಿ ಫಿಲ್ಟರ್ ಬದಲಾಯಿಸಿದರೆ ಕೂಲಿ 150 ರೂಪಾಯಿ. ಡ್ಯಾಶ್‌ಬೋರ್ಡಿನಲ್ಲಿ ಸಾಮಾನಿಡುವ ಗ್ಲೋವ್ ಬಾಕ್ಸ್ ಇಳಿಸಬೇಕು, ಹಳೇ ಫಿಲ್ಟರ್ ಎಳೆಯಬೇಕು, ಹೊಸದು ತೂರಿಸಬೇಕು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷದಲ್ಲೇ ನನ್ನ ಹುಡುಗ ಒಬ್ಬರು ಮೇಷ್ಟ್ರ ಕಾರಿನ ಬಾಕ್ಸ್ ಮುರಿದಿಟ್ಟ. ಪಕ್ಕದ ಸ್ಟಾಪರ್ ಒಳಕ್ಕೆ ಒತ್ತಿ ಇಳಿಸುವ ಬದಲು ಸುಮ್ನೆ ಎಳೆದಿದ್ದಾನೆ. ಟಕ್ ಅಂತ ಸದ್ದಾಯಿತು. ನೋಡಿದರೆ ಬಾಕ್ಸನ್ನು ಡ್ಯಾಶ್‌ಬೋರ್ಡಿನ ಕಂಬಿಗೆ ಕಚ್ಚಿಸುವ ಬಲಗಡೆಯ ಸಿ ಆಕಾರದ ಕೊಕ್ಕೆ ಬುಡಸಮೇತ ಮ್ಯಾಟ್ ಮೇಲೆ ಬಿದ್ದಿದೆ.

ಕಳೆದ ವರ್ಷ ಸಿದ್ಧಗಂಗೆ ಜಾತ್ರೆ ಹೊತ್ತಿನ ಮಾತು ಇದು. ಮೇಷ್ಟ್ರು ಬೈಯಲಿಲ್ಲ. "ನಿಧಾನವಾಗಿ ಮಾಡಿಕೊಡಯ್ಯಾ" ಅಂದು ಬಾಕ್ಸ್ ನನ್ನ ಹತ್ತಿರವೇ ಬಿಟ್ಟು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಕೊಕ್ಕೆ ಒಂದನ್ನೇ ಯಾರೂ ಮಾರುವುದಿಲ್ಲ, ನಿಮಗೂ ಗೊತ್ತು. ಶೋರೂಮಿಗೆ ಫೋನ್ ಮಾಡಿದರೆ ಪೂರ್ತಿ ಬಾಕ್ಸೇ ತಗೋಬೇಕು, 2,700ರ ಆಸುಪಾಸು, ಬರಲು ಹದಿನೈದು ದಿನ ಅಂದರು. ಬೆಂಗಳೂರು ಎಪ್ಪತ್ತು ಕಿಲೋಮೀಟರ್ ತಾನೇ ಅಂತ ಶಿವಾಜಿನಗರದ ಗುಜರಿಗೆ ಹೋದೆ. ಅದೇ ಮಾಡೆಲಿನ ಆರೇಳು ಬಾಕ್ಸ್ ಸಿಕ್ಕವು. ಒಂದರಲ್ಲೂ ಬಲಗಡೆ ಕೊಕ್ಕೆ ಇಲ್ಲ! ಅಂಗಡಿಯವನು ನಕ್ಕ. "ಅದು ಇದ್ದಿದ್ದರೆ ಇಲ್ಲಿಗ್ಯಾಕೆ ಬರ್ತಿತ್ತು ಅಣ್ಣ?" ಪೆಟ್ರೋಲು, ಊಟ, ಒಂದು ದಿನ ಅಂಗಡಿ ಬಾಗಿಲು ಹಾಕಿದ್ದು ಎಲ್ಲಾ ಸೇರಿ ಒಂದೂವರೆ ಸಾವಿರ ಕೈಬಿಟ್ಟಿತು.

ಆಮೇಲೆ ಶುರುವಾಯಿತು ಅಂಟಿನ ಪುರಾಣ. ಮೊದಲು ಐದು ರೂಪಾಯಿ ಟ್ಯೂಬಿನ ಅಂಟು, ಮೇಲೆ ಅಡುಗೆ ಸೋಡಾ ಉದುರಿಸಿದೆ. ಎರಡೇ ಸೆಕೆಂಡಿಗೆ ಕಲ್ಲಾಯಿತು. ಎರಡೇ ದಿನಕ್ಕೆ ಕಲ್ಲಿನ ಹಾಗೇ ಉದುರಿತು. ಎರಡು ಟ್ಯೂಬ್ ಕಲಸಿ ಹಚ್ಚುವ ಎಪಾಕ್ಸಿ ಒಂದು ವಾರ ಹಿಡಿದಿತ್ತು. ಒಂದು ಮಧ್ಯಾಹ್ನ ಕಾರು ಬಿಸಿಲಿನಲ್ಲಿ ನಿಂತದ್ದೇ ತಡ, ಗಾಯದ ಹಕ್ಕಳೆ ಎದ್ದ ಹಾಗೆ ಇಡಿಯಾಗಿ ಎದ್ದು ಬಂತು. ಒಂದು ಚೂರೂ ಕಚ್ಚಿರಲಿಲ್ಲ. ಬೀರುವಿನ ಹಿತ್ತಾಳೆ ಕೀಲು ತಂದು ಸ್ಕ್ರೂ ಹಾಕಿದೆ. ಗಟ್ಟಿಯೇನೋ ಆಯಿತು, ಆದರೆ ಮುಚ್ಚಳ ಒಂದು ಬೆರಳಿನಷ್ಟು ಸೊಟ್ಟ ನಿಂತಿತು. ಮೇಷ್ಟ್ರಿಗೆ ತೋರಿಸುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಇನ್ನೊಂದು ನಾನೂರು ರೂಪಾಯಿ ಹೋಗಿತ್ತು.

ನಿಜವಾಗಿ ಏಮಾರಿದ್ದು ನೀರಿನ ಪರೀಕ್ಷೆಯಲ್ಲಿ. ಪ್ಲಾಸ್ಟಿಕ್‌ನಲ್ಲಿ ಪಿಪಿ (ಪಾಲಿಪ್ರೊಪಿಲೀನ್) ಅನ್ನುವ ಜಾತಿ ತೇಲುತ್ತದೆ, ಎಬಿಎಸ್ ಅನ್ನುವ ಜಾತಿ ಮುಳುಗುತ್ತದೆ ಅಂತ ನಾವೆಲ್ಲ ಕಲಿತಿದ್ದೇವೆ ಅಲ್ವಾ? ಮುರಿದ ಚೂರನ್ನು ಚೊಂಬಿಗೆ ಹಾಕಿದೆ, ಮುಳುಗಿತು. ಹಾಗಾದರೆ ಎಬಿಎಸ್ಸೇ ಅಂತ 120 ರೂಪಾಯಿ ಕೊಟ್ಟು, ಎಬಿಎಸ್ ಕರಗಿಸುವ ಅಸಿಟೋನ್ ತಂದೆ. ಮುಚ್ಚಳದ ಅಂಚಿನಿಂದಲೇ ಸ್ವಲ್ಪ ಹೆರೆದು ಅದರಲ್ಲಿ ನೆನೆಸಿಟ್ಟೆ, ಬೆಳಿಗ್ಗೆಗೆ ಪೇಸ್ಟ್ ಆಗುತ್ತದೆ ಅಂತ. ಬೆಳಿಗ್ಗೆ ನೋಡಿದರೆ ಹೆರೆದದ್ದು ಹೆರೆದ ಹಾಗೇ ತಳದಲ್ಲಿ ಕೂತಿದೆ. ಆಗ ಮುಚ್ಚಳ ತಿರುಗಿಸಿ ಟಾರ್ಚ್ ಹಾಕಿದೆ. ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಪಿಪಿ-ಟಿಡಿ20. ಪಿಪಿಗೆ ನೂರಕ್ಕೆ ಇಪ್ಪತ್ತು ಪಾಲು ಟಾಲ್ಕ್ ಪುಡಿ ಬೆರೆಸಿದ್ದಾರೆ. ಆ ಪುಡಿಯ ಭಾರಕ್ಕೇ ಚೂರು ಮುಳುಗಿದ್ದು. ಮೊದಲೇ ಹಿಂದೆ ತಿರುಗಿಸಿ ಓದಿದ್ದರೆ ಇಷ್ಟು ದಿನ ಉಳಿಯುತ್ತಿತ್ತು.

ಪಿಪಿಗೆ ಮಾಮೂಲಿ ಅಂಟು ಕಚ್ಚುವುದಿಲ್ಲ. ಕರಗಿಸಿಯೇ ಸೇರಿಸಬೇಕು. ಪಕ್ಕದ ಟಿಂಕರಿಂಗ್ ಯಜಮಾನರಿಗೆ ಹೇಳಿದೆ. "ಪ್ಲಾಸ್ಟಿಕ್ ವೆಲ್ಡಿಂಗ್ ಅಂತೆ! ಬಂಪರಿಗಾದರೆ ಸರಿ ಕಣೋ, ಇಷ್ಟು ಸಣ್ಣ ಕೊಕ್ಕೆಗೆ ಎಲ್ಲಿ ನಿಲ್ಲುತ್ತೆ? ಹೊಸದು ತರಿಸಿಕೊಡು, ಮರ್ಯಾದೆ ಉಳಿಯುತ್ತೆ" ಅಂದರು. ಅಲ್ಲಿದ್ದ ನಾಲ್ಕು ಜನರೂ ತಲೆಯಾಡಿಸಿದರು.

ಕರಗಿಸಿ ತುಂಬಲು ಅದೇ ಜಾತಿಯ ಪ್ಲಾಸ್ಟಿಕ್ ಬೇಕಲ್ಲ. ಮೊದಲು ಕೇಬಲ್ ಟೈ ಕರಗಿಸಿದೆ. ಅದು ನೈಲಾನ್, ಎಣ್ಣೆ ಮೇಲೆ ನೀರು ಬಿಟ್ಟ ಹಾಗೆ ಉಂಡೆಯಾಗಿ ನಿಂತಿತು. ಹೋಟೆಲಿನ ಪಾರ್ಸೆಲ್ ಡಬ್ಬ, ತಳದಲ್ಲಿ 5 ಅಂತ ಇರುತ್ತದಲ್ಲ, ಅದು ಬೆರೆಯಿತು. ಆದರೆ ತೀರಾ ತೆಳು. ಹತ್ತು ಪಟ್ಟಿ ಕತ್ತರಿಸಿದರೂ ಸಾಲದು. ಆಗ ಹೊಳೆದದ್ದು ಗುಬ್ಬಿ ಗೇಟ್ ಹತ್ತಿರದ ಬ್ಯಾಟರಿ ಅಂಗಡಿ. ಕಾರಿನ ಬ್ಯಾಟರಿ ಡಬ್ಬವೂ ಪಿಪಿಯೇ. ಒಡೆದ ಕಪ್ಪು ಡಬ್ಬದ ಒಂದು ಗೋಡೆ ಪುಕ್ಕಟೆ ಸಿಕ್ಕಿತು. ಆಸಿಡ್ ಹೋಗಲಿ ಅಂತ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಒಣಗಿಸಿ, ಕಡ್ಡಿ ಕಡ್ಡಿಯಾಗಿ ಕೊಯ್ದಿಟ್ಟುಕೊಂಡೆ.

60 ವ್ಯಾಟಿನ ಸೋಲ್ಡರಿಂಗ್ ಐರನ್ ನೇರವಾಗಿ ಇಟ್ಟರೆ ಹೊಗೆ ಬರುತ್ತದೆ. ಹೊಗೆ ಬಂದ ಪ್ಲಾಸ್ಟಿಕ್ ಆಮೇಲೆ ಹಪ್ಪಳದ ಹಾಗೆ ಮುರಿಯುತ್ತದೆ. ಪಿಪಿ ಕರಗುವುದು 160 ಡಿಗ್ರಿ ಸುಮಾರಿಗೆ, ಐರನ್ ಅದರ ಎರಡರಷ್ಟು ಬಿಸಿ ಇರುತ್ತದೆ. ಹಳೇ ಫ್ಯಾನ್ ರೆಗ್ಯುಲೇಟರ್ ಒಂದನ್ನು ಮಧ್ಯೆ ಸಿಕ್ಕಿಸಿದೆ. ಎಷ್ಟನೇ ನಂಬರಿಗೆ ಇಟ್ಟೆ ಅಂತ ಹೇಳುವುದಿಲ್ಲ. ಪ್ಲಾಸ್ಟಿಕ್ ಜೇನಿನ ಹಾಗೆ ಹೊಳೆಯಬೇಕು, ವಾಸನೆ ಮೇಣದ ಬತ್ತಿ ಆರಿಸಿದ ಹಾಗಿರಬೇಕು. ಅಷ್ಟು ಸಾಕು.

ಸೈಕಲ್ ಸ್ಪೋಕ್ಸ್ ಕಡ್ಡಿ ಎರಡು ಮಿಲಿಮೀಟರ್ ದಪ್ಪ. ಅದನ್ನು ಯು ಆಕಾರಕ್ಕೆ ಬಗ್ಗಿಸಿ, ಕಾಯಿಸಿ, ಕೊಕ್ಕೆಯ ಬುಡದಿಂದ ಮುಚ್ಚಳದೊಳಕ್ಕೆ ಇಳಿಸಿದೆ. ಅದರ ಮೇಲೆ ಟೀ ಸೋಸುವ ಸ್ಟೀಲ್ ಜಾಲರಿಯ ಎರಡು ಬೆರಳಗಲದ ತುಂಡು. ಜಾಲರಿಯ ಕಣ್ಣುಗಳಿಂದ ಕರಗಿದ ಪ್ಲಾಸ್ಟಿಕ್ ಉಕ್ಕಿ ಮೇಲೆ ಬರುವವರೆಗೂ ಒತ್ತಿದೆ. ಮೇಲಿಂದ ಬ್ಯಾಟರಿ ಕಡ್ಡಿ ಕರಗಿಸಿ ತುಂಬಿದೆ. ಡ್ಯಾಶ್ ಕಡೆಯ ಕಂಬಿ ಆರು ಮಿಲಿಮೀಟರ್ ಇತ್ತು. ಅದೇ ಅಳತೆಯ ಡ್ರಿಲ್ ಬಿಟ್ಟಿನ ಹಿಡಿಗೆ ಒಂದು ವಸ್ತು ಸವರಿ, ಅದರ ಸುತ್ತ ಸಿ ಆಕಾರ ಕಟ್ಟಿದೆ. ಅದೇನು ವಸ್ತು ಅಂತ ಕೇಳಬೇಡಿ. ಅಡುಗೆ ಮನೆಯಲ್ಲೇ ಇದೆ, ಹುಡುಕಿಕೊಳ್ಳಿ. ಕೊಕ್ಕೆಯ ಬಾಯಿ ಬಿಗಿಯಾದರೆ ಹಾಕುವಾಗಲೇ ಸೀಳುತ್ತದೆ, ಸಡಿಲವಾದರೆ ಕಾರು ರಸ್ತೆ ಗುಂಡಿಗೆ ಇಳಿದಾಗ ಕಳಚುತ್ತದೆ. ನನಗೆ ಮೂರನೇ ಸಲಕ್ಕೆ ಸರಿಹೋಯಿತು. ಅವತ್ತು ಮೂರು ಗಂಟೆ ಹಿಡಿಯಿತು, ಈಗ ನಲವತ್ತು ನಿಮಿಷ. ಸಾಮಾನಿನ ಖರ್ಚು ಮೂವತ್ತು ರೂಪಾಯಿ ದಾಟಿರಲಿಕ್ಕಿಲ್ಲ.

ಬಾಕ್ಸ್ ವಾಪಸ್ ಕೂರಿಸುವಾಗ ಗುಜರಿಯ ಆ ಆರೇಳು ಬಾಕ್ಸ್ ನೆನಪಾದವು. ಎಲ್ಲದಕ್ಕೂ ಬಲಗಡೆಯೇ ಯಾಕೆ? ಎಡಗಡೆ ಮುಚ್ಚಳವನ್ನು ನಿಧಾನ ಇಳಿಸುವ ಡ್ಯಾಂಪರ್ ದಾರ ಇದೆ. ಬಲಗಡೆ ಬರೀ ರಬ್ಬರ್ ಸ್ಟಾಪರ್. ಆ ರಬ್ಬರ್ ಸವೆದು ಹೋಗಿತ್ತು. ಹಾಗಾದಾಗ ಮುಚ್ಚಳ ಬಿದ್ದಾಗೆಲ್ಲ ತಿರುಚಿಕೊಂಡು ಏಟು ಪೂರ್ತಿ ಬಲಗಡೆ ಕೊಕ್ಕೆಗೇ. ನನ್ನ ಹುಡುಗ ಮುರಿದದ್ದು ಆಗಲೇ ಅರ್ಧ ಸೀಳಿದ್ದ ಕೊಕ್ಕೆ. ಪಾಪ, ಎರಡು ವಾರ ಬೈಸಿಕೊಂಡಿದ್ದ. ಹಳೇ ಸ್ಕೂಲ್ ಬ್ಯಾಗಿನ ಪಟ್ಟಿಯಲ್ಲಿ ಒಂದು ತುಂಡು ಕತ್ತರಿಸಿ ಬಲಗಡೆ ಒಳಗಿನಿಂದ ಕಟ್ಟಿದೆ. ಈಗ ಮುಚ್ಚಳ ಪಟ್ಟಿಗೆ ಜೋತು ನಿಲ್ಲುತ್ತದೆ, ಕೊಕ್ಕೆಗೆ ಭಾರವೇ ಇಲ್ಲ.

ಇದೇ ಉತ್ಸಾಹದಲ್ಲಿ ಮನೆಯ ಪ್ಲಾಸ್ಟಿಕ್ ಕುರ್ಚಿಯ ಕಾಲೂ ಬೆಸೆದೆ. ಸೋದರಮಾವ ಕೂತರು, ಕಾಲು ಮತ್ತೆ ಹೋಯಿತು. ಬಿಸಿಲಿಗೆ ವರ್ಷಗಟ್ಟಲೆ ಬಿದ್ದು ಪುಡಿಪುಡಿಯಾದ ಪ್ಲಾಸ್ಟಿಕ್ ಬೆಸುಗೆ ಹಿಡಿಯುವುದಿಲ್ಲ. ವಾಷಿಂಗ್ ಮೆಷಿನ್ ಮುಚ್ಚಳದ ಕೀಲು ಮಾತ್ರ ಇನ್ನೂ ನಿಂತಿದೆ.

ಮೇಷ್ಟ್ರ ಕಾರು ಎರಡು ಬೇಸಿಗೆ ನೋಡಿತು. ಕೊಕ್ಕೆ ಅಲ್ಲಾಡಿಲ್ಲ. ಇಲ್ಲಿಯವರೆಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಮಾಡಿದ್ದೇನೆ, ಒಂದಕ್ಕೆ 350 ರೂಪಾಯಿ. ವಾಪಸ್ ಬಂದದ್ದು ಎರಡು. ಒಂದು ನಾನು ಸುಟ್ಟದ್ದು. ಇನ್ನೊಂದು ತಿಪಟೂರಿನವರದು, ಬಾಕ್ಸಿನೊಳಗೆ ಎರಡು ತೆಂಗಿನಕಾಯಿ ಇಟ್ಟುಕೊಂಡು ಓಡಾಡಿದ್ದರು.

ಮೊನ್ನೆ ಟಿಂಕರಿಂಗ್ ಯಜಮಾನರೇ ತಮ್ಮ ವ್ಯಾನಿನ ಮುಚ್ಚಳ ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಏನೂ ಮಾತಾಡದೆ ಟೇಬಲ್ ಮೇಲಿಟ್ಟರು. ಈ ಸಲ ಮೊದಲು ಹಿಂದೆ ತಿರುಗಿಸಿ ಓದಿದೆ: ಎಬಿಎಸ್. ಮೂಲೆಯಲ್ಲಿ ಬಿದ್ದಿದ್ದ ಅಸಿಟೋನ್ ಬಾಟಲಿಗೆ ಕೊನೆಗೂ ಕೆಲಸ ಸಿಕ್ಕಿತು.