ದನಿ ಒಡೆದ ಹುಡುಗನನ್ನು ಪೇಟಿ (ಹಾರ್ಮೋನಿಯಂ) ಮುಂದೆ ಕೂಡಿಸಿದ ನನ್ನ ಅನುಭವ

ಗಂಡು ಹುಡುಗರಿಗೆ ಹಾಡು ಕಲಿಸುವ ಎಲ್ಲರಿಗೂ ಈ ಸಂಕಟ ಗೊತ್ತು. ಎಂಟೊಂಬತ್ತು ವರ್ಷಕ್ಕೆ ಬರುತ್ತಾರೆ, ಕಾಳಿ ಐದರಲ್ಲಿ, ಅಂದರೆ ಪೇಟಿಯ ಐದನೆಯ ಕಪ್ಪು ಮನೆಯ (ಕೀ) ಶ್ರುತಿಯಲ್ಲಿ, ಗಂಟೆ ಬಾರಿಸಿದ ಹಾಗೆ ಹಾಡುತ್ತಾರೆ, ಪ್ರವೇಶಿಕಾ ಪೂರ್ಣ ಪರೀಕ್ಷೆ ಮುಗಿಸುತ್ತಾರೆ, ಊರ ಜಾತ್ರೆಯಲ್ಲಿ ಶಾಲು ಹೊದಿಸಿಕೊಳ್ಳುತ್ತಾರೆ. ಹದಿಮೂರಕ್ಕೆ ದನಿ ಒಡೆಯುತ್ತದೆ. ‘ಎಸ್ಸೆಸ್ಸೆಲ್ಸಿ ಮುಗೀಲ್ರಿ ಸರ, ಆಮ್ಯಾಲೆ ನೋಡೋಣಂತ’ ಎಂದು ಮನೆಯವರು ಬಿಡಿಸುತ್ತಾರೆ. ಆಮೇಲೆ ಯಾರೂ ಬರುವುದಿಲ್ಲ. ಧಾರವಾಡದಲ್ಲಿ ನಾನು ಕಲಿಸಲು ಕೂತು ಇಪ್ಪತ್ತೆರಡು ವರ್ಷವಾಯಿತು. ಮೊದಲ ಹದಿನೈದು ವರ್ಷದಲ್ಲಿ ಹೀಗೆ ಕೈಬಿಟ್ಟು ಹೋದವರು ಹನ್ನೊಂದೋ ಹನ್ನೆರಡೋ ಹುಡುಗರು. ಅವರಲ್ಲಿ ಮೂವರಾದರೂ ನನಗಿಂತ ದೊಡ್ಡ ಹಾಡುಗಾರರಾಗುತ್ತಿದ್ದರು. ಆ ನೋವು ಇನ್ನೂ ಹೋಗಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ನನ್ನ ಶಿಷ್ಯನೊಬ್ಬ ಮಠದ ಕಾರ್ಯಕ್ರಮದಲ್ಲಿ ಕಾಳಿ ಒಂದರಲ್ಲಿ ಪೂರಿಯಾ ರಾಗ ಹಾಡಿದ. ನಿಧಾನ ಲಯದ ವಿಲಂಬಿತ, ವೇಗದ ದ್ರುತ್, ಕೊನೆಗೊಂದು ವಚನ, ಎಲ್ಲ ಸೇರಿ ಒಂದು ಗಂಟೆ ಹತ್ತು ನಿಮಿಷ. ಅವನಿಗಿನ್ನೂ ಹದಿನೇಳು ತುಂಬಿರಲಿಲ್ಲ. ದನಿ ಒಡೆದಾಗಿನಿಂದ ಅಂದಿನವರೆಗೆ ಒಂದು ತಿಂಗಳೂ ಅವನ ಪಾಠ ನಿಂತಿರಲಿಲ್ಲ; ದನಿ ಸಾಗುವಷ್ಟು ಹಾಡಿಸಿ, ಉಳಿದದ್ದನ್ನು ಪೇಟಿಯ ಮೇಲೆ ಕಲಿಸಿದೆ. ‘ಇದು ಆಗದ ಕೆಲಸ’ ಎಂದಿದ್ದವರಲ್ಲಿ ಇಬ್ಬರು ಅಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ತಪ್ಪುಗಳನ್ನು ಹೇಳಿಬಿಡುತ್ತೇನೆ. ಅವೇ ಹೆಚ್ಚು.

ಹುಡುಗನ ದನಿ ಬಿರುಕು ಬಿಟ್ಟದ್ದು 2021ರ ಮಳೆಗಾಲದಲ್ಲಿ. ನಾನು ಮಾಡಿದ ಮೊದಲ ಕೆಲಸ, ನನ್ನ ಗುರುಗಳ ಕಾಲದ ಔಷಧಿ: ಬೆಳಗಿನ ಐದಕ್ಕೆ ಎಬ್ಬಿಸಿ ಖರ್ಜ (ಕೆಳಗಿನ ಸಾ) ಹಚ್ಚಿಸಿದೆ. ಹೊಸದಾಗಿ ದಪ್ಪ ದನಿ ಬಂದ ಹುಡುಗರಿಗೆ ಮಂದ್ರದ, ಅಂದರೆ ಕೆಳಗಿನ ಸ್ವರಗಳ ಮೇಲೆ ಭಾರೀ ಮೋಹ. ದೊಡ್ಡವರಂತೆ ಗುಡುಗಬೇಕೆಂದು ಗಂಟಲನ್ನು ಕೆಳಗೆ ಒತ್ತುತ್ತಾರೆ. ಹತ್ತು ಹನ್ನೊಂದು ದಿನಕ್ಕೆ ಮಾತಾಡುವ ದನಿಯೂ ಹೋಯಿತು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಗಂಟಲು ತೋರಿಸಿದೆವು. ಗಂಟೇನೂ ಇರಲಿಲ್ಲ, ಬಾವು ಇತ್ತು. ಎರಡು ವಾರ ಮೌನ. ಅದಕ್ಕೆ ಎರಡು ಸಾವಿರದ ಚಿಲ್ಲರೆ ಖರ್ಚಾಯಿತು. ದುಡ್ಡು ನಾನೇ ಕೊಟ್ಟೆ, ತಪ್ಪು ನನ್ನದಿತ್ತು. ಜ್ಯೇಷ್ಠಮಧು, ಲವಂಗ, ಕಲ್ಲುಸಕ್ಕರೆ ಎಂದು ಆ ವರ್ಷ ಖರ್ಚು ಮಾಡಿದ್ದು ಬೇರೆ. ಅವುಗಳಿಂದ ಗಂಟಲಿಗೆ ಹಿತ ಇರಬಹುದು, ಬೆಳೆಯುತ್ತಿರುವ ಧ್ವನಿತಂತು ಅದಕ್ಕೆಲ್ಲ ಜಗ್ಗುವುದಿಲ್ಲ.

ಎರಡನೆಯ ತಪ್ಪು ದುಬಾರಿಯದು. ದನಿ ಒಡೆಯುವ ನಾಲ್ಕು ತಿಂಗಳ ಹಿಂದಷ್ಟೇ ಮನೆಗೆ ಎರಡೆರಡು ರೀಡು (ದನಿ ಕೊಡುವ ಹಿತ್ತಾಳೆ ನಾಲಿಗೆ) ಇರುವ ನನ್ನ ಹಳೆಯ ಪೇಟಿಯನ್ನು ಅವನ ಕಾಳಿ ಐದಕ್ಕೆ ಶುದ್ಧ ಶ್ರುತಿಯಲ್ಲಿ ಕೂಡಿಸಿಟ್ಟಿದ್ದೆ. ತಂಬೂರಿಯ ಖರ್ಜದ ತಂತಿಯಿಂದ ಏಳುವ ಗಂಧಾರವೂ (ಗ) ಪೇಟಿಯ ಗಂಧಾರವೂ ಬೇರೆ ಬೇರೆ ಎಂದು ನಮಗೆಲ್ಲ ಗೊತ್ತು. ಪೇಟಿಯದು ಹದಿನಾಲ್ಕು ಸೆಂಟಿನಷ್ಟು (ಒಂದು ಮನೆಯ ಅಂತರವೆಂದರೆ ನೂರು ಸೆಂಟು) ಏರಿರುತ್ತದೆ, ಧೈವತ (ಧ) ಹದಿನಾರರಷ್ಟು. ರೀಡಿನ ನಾಲಿಗೆಯ ಬುಡ ಕೆರೆದರೆ ಸ್ವರ ಇಳಿಯುತ್ತದೆ, ತುದಿ ಕೆರೆದರೆ ಏರುತ್ತದೆ. ನಾನೇ ಕೂತು ಎಂಬತ್ತು ಚಿಲ್ಲರೆ ರೀಡು ಕೆರೆದೆ, ಎರಡನ್ನು ಮುರಿದೆ. ಕೊನೆಗೆ ಕೈ ಪಳಗಿದವರ ಹತ್ತಿರ ಒಯ್ದು ನಾಲ್ಕು ಸಾವಿರ ಕೊಟ್ಟು ಸರಿ ಮಾಡಿಸಿದೆ. ಏನು ಚೆಂದ ಕೂಡಿತ್ತು ಅದು! ಪ ಒತ್ತಿ ಸಾ ಸೇರಿಸಿದರೆ ಕೋಣೆಯೇ ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಹುಡುಗನ ಹಾಡಿನ ಆಧಾರ ಸ್ವರವಾದ ಸಾ ಕೆಳಗೆ ಜಾರತೊಡಗಿತು. ಒಂದು ಸಾಕ್ಕೆ ಕೂಡಿಸಿದ ಪೇಟಿಯಲ್ಲಿ ಇನ್ನೊಂದು ಮನೆಯನ್ನು ಸಾ ಎಂದು ಹಿಡಿದರೆ ಉಳಿದ ಸ್ವರಗಳೆಲ್ಲ ಓರೆ. ಮನೆಗಳ ಪಟ್ಟಿಯನ್ನೇ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಇದ್ದರೂ ಅದೇ ಕಥೆ, ಪಟ್ಟಿ ಸರಿದರೂ ರೀಡು ಅವೇ. ಆ ಪೇಟಿಯನ್ನು ಮರಳಿ ಸಾದಾ ಕೂಡಿಸಲು ಮತ್ತೆ ನಾಲ್ಕು ಸಾವಿರ.

ಹೀಗೆ ಮನಸ್ಸು ಕೆಟ್ಟು ಕೂತಿದ್ದ ಒಂದು ಸಂಜೆ ಹುಡುಗ ಬಂದ. ದನಿ ಹೋದ ಮೇಲೆ ಪಾಠದ ಕೋಣೆಯಲ್ಲಿ ಅವನಿಗೆ ಏನು ಮಾಡಬೇಕೋ ತೋಚುತ್ತಿರಲಿಲ್ಲ. ಪೇಟಿಯ ಭಾತಾ (ಗಾಳಿಯ ತಿದಿ) ಹಾಕುತ್ತ ಒಂದೇ ಸ್ವರ ಹಿಡಿದು ಕೂತಿದ್ದ. ನಾನು ‘ಊಟ ಆತೇನೋ?’ ಅಂದೆ. ‘ಆತ್ರಿ ಸರ’ ಅಂದ. ಆ ‘ಸರ’ ಬಂದು ನಿಂತದ್ದು ಅವನು ಹಿಡಿದಿದ್ದ ಸ್ವರದ ಮೇಲೇ, ಬಿಳಿ ಮೂರರಲ್ಲಿ. ಎಲ್ಲ ಶುರುವಾದದ್ದು ಅಲ್ಲಿಂದ.

ಮರುದಿನದಿಂದ ಬಂದ ಕೂಡಲೇ ಅದೇ ಪ್ರಶ್ನೆ ಕೇಳತೊಡಗಿದೆ. ಉತ್ತರ ಎಲ್ಲಿ ನಿಲ್ಲುತ್ತದೋ ಆ ಸ್ವರವನ್ನು ಪೇಟಿಯಲ್ಲಿ ಹುಡುಕುವುದು, ಕಪ್ಪು ಬಿಳಿ ಎಲ್ಲ ಎಣಿಸಿ ಅದರ ಮೇಲೆ ಎರಡು ಮನೆ ಬಿಟ್ಟು ಮೂರನೆಯದು ಅವತ್ತಿನ ಸಾ. ನಿನ್ನೆಯ ಸಾ ನಿನ್ನೆಗೆ ಮುಗಿಯಿತು. ಒಂದು ನೋಟ್‌ಬುಕ್ ಇಟ್ಟೆ. ಅದರಲ್ಲಿ ಹೀಗಿದೆ: ಸೆಪ್ಟೆಂಬರ್ 19, ಬಿಳಿ ಐದು, ಪ ತನಕ ಸ್ವಚ್ಛ. 23, ಕಾಳಿ ಮೂರು, ಮ ತನಕ, ಗ ಬಿರುಕು. 24, ಮತ್ತೆ ಬಿಳಿ ಐದು. 30, ನೆಗಡಿ, ಹಾಡಿಲ್ಲ, ಬರೀ ಪೇಟಿ. ಕಾಳಿ ಐದರಿಂದ ಕಾಳಿ ಒಂದರವರೆಗೆ ಒಂಬತ್ತು ಮನೆ ಇಳಿಯಲು ಅವನ ದನಿ ಸುಮಾರು ಇಪ್ಪತ್ತು ತಿಂಗಳು ತೆಗೆದುಕೊಂಡಿತು. ನೇರವಾಗಿ ಇಳಿಯಲೂ ಇಲ್ಲ. ಎರಡು ಇಳಿದು ಒಂದು ಏರುವುದು, ಮೂರು ವಾರ ಅಲ್ಲೇ ನಿಲ್ಲುವುದು, ಹಬ್ಬಕ್ಕೆ ಅಜ್ಜಿಯ ಮನೆಗೆ ಹೋಗಿ ಬಂದರೆ ಒಮ್ಮೆಲೇ ಇನ್ನೆರಡು.

ಹಾಡುವುದು ಸಾದಿಂದ ಪ ಒಳಗೆ ಮಾತ್ರ, ದಿನಕ್ಕೆ ಅರ್ಧ ಗಂಟೆ ಮೀರದಂತೆ, ಅದೂ ಅರ್ಧಭಾಗ ಬಾಯಿ ಮುಚ್ಚಿ. ಉಳಿದ ಒಂದೂವರೆ ಗಂಟೆ ಪೇಟಿ. ಬಂದಿಷ್ (ರಾಗದ ಕಟ್ಟು ಹಾಡು) ಪೂರ್ತಿ ಬೆರಳಲ್ಲಿ ನುಡಿಸಬೇಕು, ಮನಸ್ಸಲ್ಲಿ ಹಾಡಬೇಕು, ಮತ್ತೆ ಮತ್ತೆ ಬರುವ ಅದರ ಮೊದಲ ತುಣುಕು, ಮುಖಡಾ, ಬಂದಾಗ ಮಾತ್ರ ಬಾಯಿ ತೆರೆದು ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ದನಿ ಕೂಡಿಸಬೇಕು. ನಡುವೆ ಹೇಳದೆ ಕೇಳದೆ ನಾನು ಭಾತಾ ಹಿಡಿದುಬಿಡುತ್ತಿದ್ದೆ. ಪೇಟಿ ನಿಂತಲ್ಲಿಂದ ಮುಂದಿನ ಸ್ವರವನ್ನು ಅವನು ಗಂಟಲಲ್ಲಿ ಹಿಡಿಯಬೇಕು. ಮೊದಲ ತಿಂಗಳು ಹತ್ತಕ್ಕೆ ಮೂರು ಸಲವೂ ಸರಿ ಬರುತ್ತಿರಲಿಲ್ಲ. ಆರನೆಯ ತಿಂಗಳಿಗೆ ನನ್ನ ಕೈ ಭಾತಾ ಕಡೆ ಸರಿಯುವುದನ್ನು ನೋಡಿಯೇ ಸ್ವರ ಹಚ್ಚುತ್ತಿದ್ದ.

ರಾಗ ಆರಿಸುವುದೇ ಇಲ್ಲಿ ಮುಖ್ಯ ಕೆಲಸ. ಪೂರಿಯಾ ಮತ್ತು ಸೋಹನಿಯ ಸ್ವರಗಳು ಒಂದೇ, ಒಂದು ಮಂದ್ರ, ಮಧ್ಯ ಸಪ್ತಕದಲ್ಲಿ ಓಡಾಡುತ್ತದೆ, ಇನ್ನೊಂದು ಮೇಲಿನ ತಾರ ಸಪ್ತಕಕ್ಕೆ ಹೋಗಿ ಕೂಡುತ್ತದೆ. ಪೂರಿಯಾವನ್ನೇ ಹಿಡಿಸಿದೆ. ಸೋಹನಿ, ಬಹಾರ್, ಹಿಂಡೋಲ್ ಮೂರನ್ನೂ ಎರಡು ವರ್ಷ ಮುಚ್ಚಿಟ್ಟೆ. ಯಮನ್ ನಡೆಯಿತು. ದರ್ಬಾರಿ ಕೇಳಿದ, ಕೊಡಲಿಲ್ಲ. ಅದರ ಗಂಧಾರ ಪೇಟಿಯಲ್ಲಿ ಇಲ್ಲ, ಕಿವಿಗೆ ಸುಳ್ಳು ಗಂಧಾರ ಹತ್ತಿದರೆ ಬಿಡಿಸುವುದು ಕಷ್ಟ.

ಪೇಟಿಯ ಮೇಲಿನ ಆಕ್ಷೇಪ ನನಗೆ ಗೊತ್ತಿಲ್ಲದ್ದಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲ, ಸ್ವರವನ್ನು ನಿಧಾನ ತೂಗುವ ಆಂದೋಲನ ಇಲ್ಲ. ಇದೇ ಕಾರಣಕ್ಕೆ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಹಾಗಾಗಿ ಪ್ರತಿ ದಿನದ ಪಾಠದ ಕೊನೆಗೆ ಇಪ್ಪತ್ತು ನಿಮಿಷ ಪೇಟಿ ಮುಚ್ಚಿ ಬರೀ ತಂಬೂರಿ ಇಟ್ಟೆ. ಇದನ್ನು ಬಿಟ್ಟರೆ ಈ ಪದ್ಧತಿ ಮಾಡಲೇಬೇಡಿ, ಕೈ ಮುಗಿದು ಹೇಳುತ್ತೇನೆ.

ಊರಿನ ಹಿರಿಯರೊಬ್ಬರು ನನ್ನ ಮನೆಗೇ ಬಂದು ಹೇಳಿದರು: ‘ಮಾಸ್ತರ, ಪೇಟಿಗೆ ಕುಂತಾಂವ ಹಾಡಾಕ ಏಳೂದಿಲ್ಲ. ಹುಡುಗನ್ನ ಹಾಳ ಮಾಡಬ್ಯಾಡ್ರಿ.’ ಆ ಮಾತು ನನಗೆ ಬಹಳ ದಿನ ಚುಚ್ಚಿತು. ಹುಡುಗನ ತಂದೆಯೂ ಅದನ್ನೇ ಕೇಳಿ ಹೆದರಿದರು. ಅವರನ್ನು ಕೂಡಿಸಿ ನಮ್ಮ ಸೀಮೆಯ ಕಥೆಗಳನ್ನೇ ಹೇಳಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಹಾಡುತ್ತಿದ್ದರು, ಹಾರ್ಮೋನಿಯಂ, ಪಿಟೀಲು, ಸಾರಂಗಿ ಎಲ್ಲ ನುಡಿಸುತ್ತಿದ್ದರು, ಹಿಂದುಸ್ತಾನಿ ಕರ್ನಾಟಕಿ ಎರಡನ್ನೂ ಕಲಿಸಿದರು. ಬೆಳಗಾವಿಯ ರಾಮಭಾವು ಬಿಜಾಪುರೆ ಪೇಟಿಯ ಸಾಥ್ (ಪಕ್ಕವಾದ್ಯ) ಮಾಡುತ್ತಲೇ ತಲೆಮಾರುಗಳ ಗವಾಯಿಗಳ ಹಾಡನ್ನು ಬೆರಳಲ್ಲಿ ಇಟ್ಟುಕೊಂಡಿದ್ದರು. ಗಂಗೂಬಾಯಿ ಹಾನಗಲ್ಲರ ಎಳೆಯ ದನಿ ಎಷ್ಟು ತೆಳು, ಗಂಟಲಿನ ಚಿಕಿತ್ಸೆ ಆದ ಮೇಲಿನ ದನಿ ಎಷ್ಟು ಗಂಭೀರ, ಎರಡನ್ನೂ ರೆಕಾರ್ಡಿನಲ್ಲಿ ಕೇಳಿಸಿದೆ. ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತದ್ದು ಸವಾಯಿ ಗಂಧರ್ವರ ಹತ್ತಿರ. ಆ ಸವಾಯಿ ಗಂಧರ್ವರ, ಅಂದರೆ ರಾಮಭಾವು ಕುಂದಗೋಳಕರರ ದನಿಯೂ ಹರೆಯದಲ್ಲಿ ಗಡಸಾಗಿ, ಅವರ ಗುರು ಅಬ್ದುಲ್ ಕರೀಂ ಖಾನರು ತಿದ್ದಿ ತಿದ್ದಿ ತಂದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ತಂದೆ ಸುಮ್ಮನೆ ಕೇಳಿ, ‘ಆರ ತಿಂಗಳ ನೋಡ್ತೀನ್ರಿ’ ಅಂದು ಎದ್ದು ಹೋದರು.

ಆ ಆರು ತಿಂಗಳು ಮುಗಿಯುವ ಮೊದಲೇ ನಾನು ಎಣಿಸದ ಒಂದು ಲಾಭ ಕಂಡಿತು. ದಿನಕ್ಕೊಂದು ಸಾ ಇದ್ದುದರಿಂದ ಹುಡುಗನ ಬೆರಳು ಹನ್ನೆರಡೂ ಮನೆಗಳಿಂದ ಯಾವ ಪಲ್ಟಾವನ್ನಾದರೂ (ಸ್ವರಗಳ ಅಭ್ಯಾಸದ ಸಾಲು) ಓಡಿಸುವಂತಾಯಿತು. ನಮ್ಮಲ್ಲಿ ಪೇಟಿ ನುಡಿಸುವ ಹುಡುಗರು ಕಾಳಿ ಒಂದು, ಕಾಳಿ ನಾಲ್ಕು, ಕಾಳಿ ಐದು ಬಿಟ್ಟರೆ ತಡವರಿಸುತ್ತಾರೆ, ಇಲ್ಲವೇ ನಲವತ್ತೈವತ್ತು ಸಾವಿರದ ಸ್ಕೇಲ್ ಚೇಂಜರ್ ಬೇಕೆನ್ನುತ್ತಾರೆ. ಇವನಿಗೆ ಯಾರು ಯಾವ ಶ್ರುತಿಯಲ್ಲಿ ಹಾಡಿದರೂ ಸರಿ. ಭಜನೆಗೆ ಕರೆದರು, ವಚನ ಗಾಯನಕ್ಕೆ ಕರೆದರು, ಪುರಾಣ ಪ್ರವಚನಕ್ಕೆ ತಿಂಗಳಿಡೀ ಕರೆದರು. ಒಂದು ಸಂಜೆಗೆ ಮುನ್ನೂರರಿಂದ ಆರುನೂರು, ಜೊತೆಗೆ ಊಟ. ಎರಡು ವರ್ಷಕ್ಕೆ ಮೂವತ್ತೈದು ಸಾವಿರಕ್ಕೆ ಕಡಿಮೆ ಇಲ್ಲದಂತೆ ಕೂಡಿತು. ಅದರಲ್ಲೇ ಗುಜರಾತಿನ ಪಾಲಿಟಾಣಾ ರೀಡಿನ ಹೊಸ ಪೇಟಿ ತಂದ. ನನ್ನ ತಿಂಗಳ ಫೀ ಐನೂರು, ಅದನ್ನೂ ತನ್ನ ಕೈಯಿಂದಲೇ ಕೊಟ್ಟ. ಮನೆಯವರು ಬಿಡಿಸುವ ಮಾತು ಎತ್ತಲೇ ಇಲ್ಲ. ದೊಡ್ಡವರ ಮಗ್ಗುಲಲ್ಲಿ ಕೂತು ಆಲಾಪ ಹೇಗೆ ಬೆಳೆಸುತ್ತಾರೆಂದು ಹತ್ತಿರದಿಂದ ಕೇಳಿದ್ದಕ್ಕೆ ಮಾತ್ರ ಬೆಲೆ ಕಟ್ಟಲಾರೆ.

ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ಆರು ಸಾವಿರಕ್ಕೆ ಹಳೆಯ ಕ್ಯಾಸಿಯೋ ಕೀಬೋರ್ಡ್ ತಂದೆ, ಒಂದು ಗುಂಡಿ ಒತ್ತಿದರೆ ಸಾ ಬದಲಾಗುತ್ತದೆಂದು. ಎರಡೇ ತಿಂಗಳಿಗೆ ಮಾರಿದೆ. ಗುಂಡಿ ಸಾ ಬದಲಿಸಿದರೆ ಬೆರಳು ಏನೂ ಕಲಿಯುವುದಿಲ್ಲ. ಭಾತಾ ಇಲ್ಲದ್ದರಿಂದ ಉಸಿರೂ ಕಲಿಯುವುದಿಲ್ಲ. ಭಾತಾದ ಗಾಳಿ ತೀರುವಲ್ಲಿಯೇ ಹಾಡುವವನ ಉಸಿರೂ ತೀರಬೇಕು, ಅದು ಪೇಟಿಯವನ ಎಡಗೈಗೆ ಮಾತ್ರ ಗೊತ್ತಾಗುವ ಪಾಠ. ಎರಡನೆಯದು, ಅದೇ ವಯಸ್ಸಿನ ಹುಡುಗಿಯೊಬ್ಬಳಿಗೆ ಇದನ್ನೇ ಮಾಡಿಸಿದೆ. ಅವಳ ದನಿ ಕಾಳಿ ಐದರಿಂದ ಕಾಳಿ ನಾಲ್ಕಕ್ಕೆ ಬಂದು ನಿಂತಿತು, ಎರಡೇ ಮನೆ. ಅವಳಿಗೆ ಇದರ ಅಗತ್ಯವೇ ಇರಲಿಲ್ಲ. ಸುಮ್ಮನೆ ನಾಲ್ಕು ತಿಂಗಳು ಅವಳ ತಾನಗಳನ್ನು ತಡೆದೆ, ಅದಕ್ಕೆ ಅವಳ ಮುಂದೆ ತಪ್ಪೊಪ್ಪಿಕೊಂಡೆ.

ಪ ದಾಟಿಸಿ ತಾರ ಸಾಕ್ಕೆ ಯಾವಾಗ ಒಯ್ಯಬೇಕು ಎಂದು ಕೇಳುವವರು ಬಹಳ. ನೋಟ್‌ಬುಕ್ಕಿನಲ್ಲಿ ಸಾ ನಲವತ್ತು ದಿನ ಕದಲದೆ ನಿಂತ ಮೇಲೆ. ಆಗ ನೇರ ಏರಿಸುವುದಿಲ್ಲ, ಧ ಮತ್ತು ನಿ ನಡುವೆ ಇರುವ ಬಿರುಕಿನ ಜಾಗವನ್ನು ಮೇಲಿನಿಂದ ಇಳಿಯುತ್ತ ಮುಟ್ಟಿಸುವ ಒಂದು ಪಲ್ಟಾ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಕೂತು ಕೇಳಿದರೆ ತೋರಿಸುತ್ತೇನೆ. ಓದಿ ಮಾಡಿಸಿದರೆ ಯಾರದೋ ಮಗುವಿನ ಗಂಟಲು ಕೆಟ್ಟೀತು. ಬಾಯಿ ಮುಚ್ಚಿ ಹಾಡಿಸುವಾಗ ನಾಲಿಗೆಯ ತುದಿ ಎಲ್ಲಿರಬೇಕು ಎಂಬುದೂ ಅಷ್ಟೆ.

ಇವನ ನಂತರ ಇನ್ನು ಮೂವರಿಗೆ ಮಾಡಿಸಿದ್ದೇನೆ. ಒಬ್ಬನ ದನಿ ಬಿಳಿ ಎರಡರಲ್ಲಿ ಕೂತು ಮಧ್ಯಮಾ ಪೂರ್ಣದಲ್ಲಿ ಪ್ರಥಮ ದರ್ಜೆ ಬಂತು. ಇನ್ನೊಬ್ಬನಿಗೆ ಆಗಲಿಲ್ಲ. ಅವನಿಗೆ ಪೇಟಿಯೇ ಹಿಡಿಸಿತು, ಈಗ ಹಾಡುವುದಿಲ್ಲ, ಸಾಥ್ ಮಾಡುತ್ತಾನೆ, ಒಳ್ಳೆಯ ಕೈ. ಆ ಹಿರಿಯರು ಅವನನ್ನೇ ಬೊಟ್ಟು ಮಾಡಿ ತೋರಿಸುತ್ತಾರೆ. ತೋರಿಸಲಿ. ಅವನು ಸಂಗೀತ ಬಿಟ್ಟಿಲ್ಲ, ನನಗೆ ಅದು ಬೇಕಾಗಿತ್ತು.

ಮೂರನೆಯವ ಈಗ ನಡುವಿನಲ್ಲಿದ್ದಾನೆ. ನಿನ್ನೆ ಅವನ ತಾಯಿ ಬಾಗಿಲಲ್ಲಿ ನಿಂತು, ‘ಸರ, ಇಂವಾ ಮೊದಲಿನಂಗ ಯಾವಾಗ ಹಾಡ್ತಾನ್ರಿ?’ ಎಂದು ಕೇಳಿದರು. ಮೊದಲಿನ ಹಾಗೆ ಹಾಡುವುದಿಲ್ಲ ತಾಯಿ, ಬೇರೆ ಹಾಡುತ್ತಾನೆ ಎಂದು ಹೇಳಿ ನೋಟ್‌ಬುಕ್ ತೋರಿಸಿದೆ. ಬಿಳಿ ನಾಲ್ಕಕ್ಕೆ ಬಂದು ಹನ್ನೆರಡು ದಿನವಾಗಿದೆ, ಇನ್ನೂ ಮೂರೋ ನಾಲ್ಕೋ ಮನೆ ಇಳಿಯುವುದಿದೆ. ಅವನ ಪೇಟಿಯ ಭಾತಾದಲ್ಲಿ ಗಾಳಿ ಸೋರುತ್ತಿದೆ, ಈ ಭಾನುವಾರ ಚರ್ಮ ಅಂಟಿಸಿ ಕೊಡುತ್ತೇನೆಂದು ಹೇಳಿದ್ದೇನೆ.