ಮೊಳೆಯ ನೆರಳು ನೋಡಿ ಪ್ಯಾನೆಲ್ ತಿರುಗಿಸಿ

ಮಲೆನಾಡಿನ ಮನೆಗಳಿಗೆ ಬಿಸಿಲು ಸಿಗುವುದೇ ಕಡಿಮೆ ಹೊತ್ತು. ಗುಡ್ಡ ದಾಟಿ, ಅಡಿಕೆ ಮರದ ತಲೆ ದಾಟಿ ಸೂರ್ಯ ಅಂಗಳಕ್ಕೆ ಇಳಿಯುವಾಗ ಒಂಬತ್ತಾಗಿರುತ್ತದೆ, ನಾಲ್ಕಕ್ಕೆಲ್ಲ ಮತ್ತೆ ನೆರಳು. ಸಿಕ್ಕಷ್ಟನ್ನು ಪೂರ್ತಿ ಹಿಡಿಯಬೇಕೆಂದರೆ ಸೋಲಾರ್ ಪ್ಯಾನೆಲ್ ಸೂರ್ಯನ ಜೊತೆ ತಿರುಗಬೇಕು. ಅದಕ್ಕೆ ಮೋಟಾರು ಬೇಡ. 100 ವಾಟ್‌ನ ಪ್ಯಾನೆಲನ್ನು ಮಕ್ಕಳೂ ಕೈಯಲ್ಲಿ ತಿರುಗಿಸಬಲ್ಲರು.

ಜಾಗಕ್ಕೆ ಅಡಿಕೆ ಒಣಗಿಸುವ ಅಂಗಳದ ಅಂಚೇ ಸರಿ. ಮೊದಲು ದಿಕ್ಕು ಗುರುತಿಸಿ. ಚಳಿಗಾಲದಲ್ಲಿ ನೆಟ್ಟಗೆ ಕೋಲು ನೆಟ್ಟರೆ, ಹನ್ನೆರಡೂವರೆ ಆಸುಪಾಸಿಗೆ ಬೀಳುವ ಅತಿ ಗಿಡ್ಡ ನೆರಳು ಉತ್ತರಕ್ಕೆ ಮುಖ ಮಾಡಿರುತ್ತದೆ. ಆ ಗೆರೆಯ ಮೇಲೆ ಎರಡು ಕಂಬ ಹುಗಿದು, ಅವುಗಳ ಮೇಲೆ ಜಿಐ ಪೈಪನ್ನು ಸಡಿಲ ಕ್ಲ್ಯಾಂಪಿನಲ್ಲಿ ಕೂರಿಸಿ. ಪ್ಯಾನೆಲ್‌ನ ನಡುಮಧ್ಯ ಈ ಪೈಪಿಗೆ ಬರುವಂತೆ ಬೋಲ್ಟ್ ಹಾಕಿದರೆ ತೂಕ ಒಂದೇ ಕಡೆ ವಾಲುವುದಿಲ್ಲ.

ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಪೈಪೂ ದಕ್ಷಿಣಕ್ಕೆ ಅಷ್ಟೇ ಡಿಗ್ರಿ ವಾಲಿರಬೇಕು. ಹಾಗಾಗಿ ಕಂಬಗಳ ನಡುವೆ ಒಂದು ಮೀಟರ್ ಅಂತರವಿದ್ದರೆ ಉತ್ತರದ ಕಂಬ ದಕ್ಷಿಣದ ಕಂಬಕ್ಕಿಂತ 25 ಸೆಂಟಿಮೀಟರ್ ಹೆಚ್ಚು ಎತ್ತರ ಇರಲಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಜಾರಿರುತ್ತಾನೆ, ಆಗ 75 ಬೇಕು. ಆ ಕಂಬಕ್ಕೆ ಎರಡು ಮೂರು ತೂತು ಕೊರೆಸಿಟ್ಟರೆ ಎತ್ತರ ಬದಲಿಸುವುದು ಸುಲಭ.

ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಬೆಳಿಗ್ಗೆ ಪ್ಯಾನೆಲನ್ನು ಪೂರ್ವಕ್ಕೆ 45 ಡಿಗ್ರಿ ವಾಲಿಸಿಡಿ, ಹನ್ನೊಂದಕ್ಕೆ ನಡುವಿಗೆ ತನ್ನಿ, ಎರಡಕ್ಕೆ ಪಶ್ಚಿಮಕ್ಕೆ 45. ಇಷ್ಟೇ. ದಿಕ್ಕು 22 ಡಿಗ್ರಿ ತಪ್ಪಿದರೂ ನಷ್ಟ ಶೇ 7 ಮಾತ್ರ. 45 ತಪ್ಪಿದರೆ ಶೇ 29.

ಇನ್ನು ಬೆಳಕನ್ನು ಒಟ್ಟುಗೂಡಿಸುವ ಕನ್ನಡಿಯ ವಿಷಯ. ಇಲ್ಲಿ ನಾನು ಎಡವಿದ್ದೇನೆ. ಹೊಳಪಿನ ತಗಡೊಂದನ್ನು ಪಕ್ಕಕ್ಕೆ ಕಟ್ಟಿದೆ, ಅರ್ಧ ಪ್ಯಾನೆಲ್ ಝಗಝಗಿಸಿತು, ಆದರೆ ಕರೆಂಟು ಅಳೆಯುವ ಆಮ್‌ಮೀಟರ್ ಮುಳ್ಳು ಕದಲಲಿಲ್ಲ. ಪ್ಯಾನೆಲ್ ಎಂದರೆ ಒಂದರ ಹಿಂದೊಂದು ಜೋಡಿಸಿದ ಸಿಲಿಕಾನ್ ಬಿಲ್ಲೆಗಳ (ಸೆಲ್) ಸಾಲು. ಪೈಪು ಒಂದು ಕಡೆ ಮಡಚಿಕೊಂಡರೆ ಇಡೀ ತೋಟಕ್ಕೆ ನೀರು ಕಡಿಮೆಯಾಗುವ ಹಾಗೆ, ಎಲ್ಲಕ್ಕಿಂತ ಮಂಕಾದ ಬಿಲ್ಲೆಯೇ ಇಡೀ ಸಾಲಿನ ಕರೆಂಟನ್ನು ಹಿಡಿದಿಡುತ್ತದೆ. ಬೆಳಕು ಎಲ್ಲ ಬಿಲ್ಲೆಗೂ ಸಮನಾಗಿ ಬೀಳಲೇಬೇಕು. ಅದಕ್ಕೆ ತಗಡಿನ ಅಗಲ ಪ್ಯಾನೆಲ್‌ನ ಅಗಲದಷ್ಟೇ ಇರಲಿ, ಉದ್ದ ತುಸು ಹೆಚ್ಚಿರಲಿ. ಚೌಕಟ್ಟನ್ನು ಅಂಚಿನಾಚೆ ಚಾಚಿ, ಅದರ ಮೇಲೆ ಮೂರೂ ಬದಿ ಸಮವಿರುವ ಮರದ ತ್ರಿಕೋನ ಕೂರಿಸಿ, ಒಳಮೈಗೆ ತಗಡು ಆನಿಸಿ. ಆಗ 60 ಡಿಗ್ರಿ ತಾನಾಗಿ ಬರುತ್ತದೆ, ತಗಡಿನ ಮೇಲಂಚಿಗೆ ಬಿದ್ದ ಬೆಳಕು ಪ್ಯಾನೆಲ್‌ನ ಆಚೆ ಅಂಚನ್ನು ಸರಿಯಾಗಿ ಮುಟ್ಟುತ್ತದೆ. ಒಂದು ತಗಡಿನಿಂದ ಹೆಚ್ಚೆಂದರೆ ಒಂದೂವರೆ ಪಟ್ಟು ಬೆಳಕು ಬೀಳುತ್ತದೆ. ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಚಾರ್ಜ್ ಕಂಟ್ರೋಲರ್ ಅಷ್ಟು ಕರೆಂಟು ತಡೆಯುತ್ತದೆಯೇ ನೋಡಿಕೊಳ್ಳಿ.

ತಗಡು ಕಟ್ಟಿದ ಮೇಲೆ ದಿನಕ್ಕೆರಡು ಸಲ ತಿರುಗಿಸಿದರೆ ಸಾಲದು, ಅರ್ಧ ಗಂಟೆಗೊಮ್ಮೆ ಬೇಕು. ಚೌಕಟ್ಟಿಗೆ ಒಂದು ಮೊಳೆಯನ್ನು ಪ್ಯಾನೆಲ್ ಮೈಗೆ ಲಂಬವಾಗಿ ಹೊಡೆದುಕೊಳ್ಳಿ. ಮೊಳೆಯ ನೆರಳು ಬುಡದಲ್ಲೇ ಅಡಗಿತೆಂದರೆ ಪ್ಯಾನೆಲ್ ಸೂರ್ಯನಿಗೆ ನೇರ ಇದೆ ಎಂದರ್ಥ.

ಬಿಸಿಯೇರಿದಂತೆ ಸಿಲಿಕಾನ್ ಪ್ಯಾನೆಲ್ ಡಿಗ್ರಿಗೆ ಸುಮಾರು ಶೇ 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ತಗಡನ್ನು ನವೆಂಬರ್‌ನಿಂದ ಫೆಬ್ರುವರಿವರೆಗಷ್ಟೇ ಬಳಸಿ, ಅದೂ ವಾರಂಟಿ ಮುಗಿದ ಹಳೆಯ ಪ್ಯಾನೆಲ್‌ಗೆ. ಮಳೆಗಾಲದಲ್ಲಿ ಬೆಳಕು ಮೋಡದಿಂದ ಸೋಸಿ ಆಕಾಶದ ಎಲ್ಲ ಕಡೆಯಿಂದ ಬರುತ್ತದೆ, ಅದನ್ನು ಯಾವ ಕನ್ನಡಿಯೂ ಒಂದೆಡೆ ಕೂಡಿಸಲಾರದು. ಆಗ ಉತ್ತರದ ಕಂಬವನ್ನು 25ರ ತೂತಿಗೆ ಇಳಿಸಿ, ಪ್ಯಾನೆಲನ್ನು ನಡುವಿನಲ್ಲೇ ಬಿಗಿದು, ಗಾಳಿಗೆ ಹಾರದಂತೆ ಹಗ್ಗ ಕಟ್ಟಿಡಿ.