ಸಂಜಿ ಐದಾದ ಮ್ಯಾಲೆ ನೀರಿಗೆ ಕೀಲಿ
ನಾನು ರಾಯಚೂರು ಜಿಲ್ಲೆದಾಗ ಎಂಆರ್‌ಡಬ್ಲ್ಯೂ ರೀ, ಅಂದ್ರ ತಾಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ಅಂಗವಿಕಲರ ಪಿಂಚಣಿ, ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡು, ಇವೇ ದಿನದ ಕೆಲಸ. ಒಂದಿನ ಒಬ್ಬ ಅವ್ವ ಬಂದು, ಬುದ್ಧಿಮಾಂದ್ಯರ ವಸತಿ ಗೃಹದಾಗ ಇರೋ ನನ್ನ ಮಗ ಹಬ್ಬಕ್ಕ ಮನಿಗೆ ಬಂದಾನ, ಕೊಡಕ್ಕ ಬಾಯಿ ಹಚ್ಚಿ ನೀರು ಕುಡಿಯಾಕ ಹತ್ಯಾನ, ಎಷ್ಟು ಕೊಟ್ರೂ ಸಾಲವಲ್ದು ಅಂದ್ಲು. ಶುಗರ್ ಇರಬೇಕು, ಚೆಕ್ ಮಾಡಿಸವ್ವ ಅಂದೆ. ಶುಗರ್ ಇರಲಿಲ್ಲ.

ಆಮೇಲೆ ನಾ ಮಾಡಿದ ದಡ್ಡ ಕೆಲಸ ಅಂದ್ರ ಆ ವಸತಿ ಗೃಹಕ್ಕ ಮೊದಲೇ ಫೋನ್ ಮಾಡಿ ಹೋಗಿದ್ದು. ಹೊಸ ಚಾದರ, ಎಲ್ಲಾರಿಗೂ ಎಣ್ಣಿ ಹಚ್ಚಿ ತಲಿ ಬಾಚಿದ್ರು, ನನಗ ಉಪ್ಪಿಟ್ಟು, ಚಾ. ಮೂರು ತಿಂಗಳ ರಿಜಿಸ್ಟರ್ ಒಂದೇ ಪೆನ್ನಿನಾಗ ಬರೆದಿದ್ದು ಕಣ್ಣಿಗೆ ಬಿತ್ತು, ಆದ್ರೂ ಉಪ್ಪಿಟ್ಟು ತಿಂದು ಬಂದೆ.

ಎರಡನೇ ಸಲ ಯಾರಿಗೂ ಹೇಳಲಿಲ್ಲ. ಮೇ ತಿಂಗಳು, ನಮ್ಮ ಕಡಿ ಬಿಸಿಲು ಗೊತ್ತಲ್ಲ, ರಾತ್ರಿ ಎಂಟಕ್ಕೂ ಗ್ವಾಡಿ ಮುಟ್ಟಿದ್ರ ಕಾದ ಹಂಚು. ಕಿಸೆದಾಗ ಇಲಾಖೆ ಪತ್ರ, ಜೊತಿಗೆ ಒಬ್ಬ ವಿಆರ್‌ಡಬ್ಲ್ಯೂ (ಹಳ್ಳಿ ಮಟ್ಟದ ಪುನರ್ವಸತಿ ಕಾರ್ಯಕರ್ತೆ) ಅಕ್ಕ, ಯಾಕಂದ್ರ ಹುಡುಗ್ಯಾರ ರೂಮಿಗೆ ನಾ ಹೋಗಂಗಿಲ್ಲ. ವಾರ್ಡನ್ ರೂಮ್ ಬಿಟ್ಟು ಸೀದಾ ಅಡಿಗಿಮನಿಗೆ ಹೋದ್ವಿ. ಅಡಿಗಿ ಅಕ್ಕ ರೊಟ್ಟಿ ಬಡಿಯಾಕತ್ತಿದ್ಲು, ಕೈ ನಿಲ್ಲಸ್ದಂಗ ಹೇಳಿದ್ಲು: "ಐದಾದ ಮ್ಯಾಲೆ ನೀರಿನ ಕೋಣಿಗೆ ಕೀಲಿ ಹಾಕ್ತಾರ್ರಿ, ಇಲ್ಲಂದ್ರ ಹಾಸಿಗ್ಯಾಗ ಉಚ್ಚಿ ಹೊಯ್ಕೋತಾವ."

ಆ ಅವ್ವನ ಮಗಗ ಮಾತು ಬರಂಗಿಲ್ಲ. ವಾರ್ಡನ್‌ನ ಹೊರಗ ಕಳಿಸಿ ಖಾಲಿ ಲೋಟ ತೋರಿಸಿದೆ. ಅವ ಕೀಲಿ ತಿರುವಿದಂಗ ಕೈ ಮಾಡಿ ಬಾಗಿಲ ಕಡಿ ಬೆರಳು ತೋರಿಸಿದ. ನಾನು ಅಷ್ಟನ್ನೇ ಬರೆದೆ. "ನೀರು ಕೊಡುವುದಿಲ್ಲ ಎಂದು ಹೇಳಿದನು" ಅಂತ ಬರೀಲಿಲ್ಲ, ಅವ ಹೇಳಿಲ್ಲ, ಮಾಡಿ ತೋರಿಸ್ಯಾನ, ನಾಳೆ ವಕೀಲರು ಹಿಡಿಯೋದು ಇಂಥದ್ದನ್ನೇ. ಕೀಲಿ ಫೋಟೋ, ಟೈಮು, ಒಡೆದ ತುಟಿ, ಮರುದಿನ ಡಾಕ್ಟರ್ ಚೀಟಿ, ಎಲ್ಲಾ ಜೋಡಿಸಿದೆ.

ವಾರ್ಡನ್‌ಗ ನಾಕು ಬಾರಿಸಬೇಕು ಅನ್ನೋವಷ್ಟು ಸಿಟ್ಟು ಬಂದಿತ್ತು, ಆದ್ರ ಇಪ್ಪತ್ತೆಂಟು ಮಂದಿಗೆ ರಾತ್ರಿ ಒಬ್ಬಾಕಿ ಆಯಾ, ಮುಂಜಾನೆ ಅಷ್ಟೂ ಚಾದರ ಆಕಿನೇ ಒಗೀಬೇಕು. ಆಯಾಗಳ ಪಗಾರ ಉಳಿಸಿದವ ಬ್ಯಾರೆ, ಗೃಹ ನಡೆಸಾವ, ಅವ ಅಲ್ಲಿ ಮಲಗಂಗಿಲ್ಲ.

ಹೊಡದ್ರ ಅಷ್ಟೇ ಕೇಸು ಅನ್ಕೊಂಡಿದ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 92ನೇ ಕಲಂದಾಗ, ನೋಡ್ಕೊಳ್ಳೋ ಹೊಣಿ ಇದ್ದವರು ಗೊತ್ತಿದ್ದೂ ಊಟ, ನೀರು ಕೊಡದಿದ್ರ 6 ತಿಂಗಳಿಂದ 5 ವರ್ಷ ಜೈಲು, ಮ್ಯಾಲೆ ದಂಡ ಅಂತ ಐತಿ. 7ನೇ ಕಲಂ ಪ್ರಕಾರ ಯಾರು ಬೇಕಾದ್ರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು, ತಾಲೂಕಿಗೆ ಅದು ತಹಶೀಲ್ದಾರ್ ಸಾಹೇಬ್ರು, ನಾನು ಅವರಿಗೆ ಕೊಟ್ಟೆ. (ಹದಿನೆಂಟರೊಳಗಿನವರಾದ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹೊಡೀರಿ.)

ಸಾಹೇಬ್ರು ಬಂದು ನೋಡಿದ್ರು, ಕೀಲಿ ತೆಗೆಸಿದ್ರು, ರಾತ್ರಿಗೆ ಮತ್ತಿಬ್ಬರು ಆಯಾ ಬಂದ್ರು, ಕೇಸು ನಡದೈತಿ. ಬೈಗುಳ ಬಂದಿದ್ದು ಮಾತ್ರ ಉಳಿದ ತಂದಿ ತಾಯಿಗಳಿಂದ. "ಆ ವಸತಿ ಗೃಹ ಬಂದ್ ಆದ್ರ ನನ್ನ ಮಗನ್ನ ನಿಮ್ಮನ್ಯಾಗ ಇಟ್ಕೋತೀರೇನ್ರಿ?" ಅಂತ ಒಬ್ಬ ತಂದಿ ಫೋನಿನಾಗ ಕೇಳಿದ. ನನ್ನ ಹತ್ರ ಉತ್ತರ ಇರಲಿಲ್ಲ, ಫೋನ್ ಕಟ್ ಮಾಡಾಕೂ ಮನಸಾಗಲಿಲ್ಲ.